ಬಿಲ್ಲು ಓದುವುದನ್ನು ಮಕ್ಕಳಿಗೆ ಕಲಿಸಿ

ಶಾಲೆ ಶುರುವಾಗುವ ಹೊತ್ತು. ಧಾರವಾಡದ ಮಾಳಮಡ್ಡಿಯ ಸಣ್ಣ ಅಂಗಡಿಯಲ್ಲಿ ತಾಯಿಯೊಬ್ಬರು ಮಗನ ಪಾಟಿಚೀಲಕ್ಕೆ 590 ರೂಪಾಯಿ ಕೊಟ್ಟು ಬಿಲ್ಲು ನೋಡುತ್ತಾರೆ: ಚೀಲ 500, ಸಿಜಿಎಸ್‌ಟಿ 45, ಎಸ್‌ಜಿಎಸ್‌ಟಿ 45. “ಕಾಕಾ, ಒಂದ ಚೀಲಕ್ಕ ಎರಡ ಸಲ ಟ್ಯಾಕ್ಸ್ ಯಾಕ ಹಚ್ಚೀರಿ?” ದನಿ ಏರುತ್ತದೆ. ಮಗ ಸುಮ್ಮನೆ ಕಾಕಾನ ಮುಖ ನೋಡುತ್ತಾನೆ. ಅಂಗಡಿಯವರು ಮೋಸಗಾರರು ಎಂಬ ಪಾಠ ಅವನಿಗೆ ಅಲ್ಲೇ ಆಗಿಬಿಡುತ್ತದೆ.

ತೆರಿಗೆ ಎರಡಲ್ಲ, ಒಂದೇ. ಚೀಲಕ್ಕೆ ಶೇ 18 ಜಿಎಸ್‌ಟಿ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಆ 90 ರೂಪಾಯಿ ಕಾಕಾನ ಲಾಭವಲ್ಲ. ಸರಕು ತರುವಾಗ ತಾವು ಕೊಟ್ಟ ತೆರಿಗೆ ಕಳೆದು, ಉಳಿದದ್ದನ್ನು ಅವರು ಸರ್ಕಾರಕ್ಕೆ ಕಟ್ಟಬೇಕು.

ಬಿಲ್ಲಿನಲ್ಲಿ ಜಿಎಸ್‌ಟಿಯೇ ಇಲ್ಲದಿದ್ದರೂ ಗಾಬರಿ ಬೇಡ. ನಮ್ಮ ರಾಜ್ಯದಲ್ಲೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುವ ಕಾಂಪೊಸಿಷನ್ ಪದ್ಧತಿಯವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ. ಕೇಳಬೇಕಾದ ಸಂದರ್ಭ ಎರಡು: ನೋಂದಣಿ ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದಾಗ, ಎಂಆರ್‌ಪಿಯ ಮೇಲೆ ಮತ್ತೆ ತೆರಿಗೆ ಸೇರಿಸಿದಾಗ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ.

‘ಫೋನ್‌ನಿಂದ ಹಣ ಕೊಟ್ಟರೆ ಟ್ಯಾಕ್ಸ್ ಬೀಳುತ್ತದೆ’ ಎಂಬ ಮಾತೂ ಸರಿಯಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷದ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಂಡದ್ದು ಆ ಹೆದರಿಕೆಯಿಂದ. ತೆರಿಗೆ ನಿಂತಿರುವುದು ಮಾರುವ ವಸ್ತು ಮತ್ತು ವಹಿವಾಟಿನ ಮೇಲೆ. ಹಣ ಯಾವ ದಾರಿಯಿಂದ ಬಂತು ಎನ್ನುವುದರ ಮೇಲಲ್ಲ.

ದರಗಳೂ ಬದಲಾಗಿವೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪನರ್‌ಗಳಿಗೆ ತೆರಿಗೆಯಿಲ್ಲ. ಕಂಪಾಸ್ ಪೆಟ್ಟಿಗೆಗೆ ಶೇ 5.

ಮನೆಗೆ ಬಂದ ಮೇಲೆ ಬಿಲ್ಲನ್ನು ಮಗುವಿನ ಮುಂದಿಡಿ. 590ರಲ್ಲಿ ತೆರಿಗೆ ಎಷ್ಟು ಎಂದು ಕೇಳಿದರೆ ಅದು 590ಕ್ಕೆ ಶೇ 18 ಹಾಕಿ 106 ರೂಪಾಯಿ 20 ಪೈಸೆ ಎನ್ನಬಹುದು. ದೊಡ್ಡವರೂ ಎಡವುವುದು ಇಲ್ಲೇ. ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ: 590ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿದರೆ 90. ಈ ಲೆಕ್ಕ ತಿಳಿದ ಮಗು ನಾಳೆ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. “ಕಾಕಾ, ಇದರಾಗ ಟ್ಯಾಕ್ಸ್ ಎಷ್ಟ ಅದ?” ಎಂದು ಕೇಳುತ್ತದೆ, ಉತ್ತರ ಸರಿಯೋ ತಪ್ಪೋ ತಾನೇ ನೋಡಿಕೊಳ್ಳುತ್ತದೆ.