ಖಾಲಿ ಚೆಕ್ ಕಂಪನಿಯ ಅಢಾವೆ ಪತ್ರಿಕೆಯನ್ನು ಓದುವ ಬಗೆ

ಹಗರೆಯ ಸುತ್ತಮುತ್ತ ಆಲೂಗಡ್ಡೆ ಖರೀದಿಸುವ ವರ್ತಕನಾಗಲಿ, ಅರಸೀಕೆರೆಯಲ್ಲಿ ಕೊಬ್ಬರಿ ಖರೀದಿಸುವವನಾಗಲಿ, ಚೀಲ ಬಿಚ್ಚಿಸಿ ಕೈಹಾಕಿ ನೋಡದೆ ದರ ನುಡಿಯುವುದಿಲ್ಲ. ಆದರೆ ಬರಿದಾದ ಚೀಲವನ್ನೇ ಮುಂದಿಟ್ಟು, ಮುಂದೆ ಒಳ್ಳೆಯ ಸರಕು ತುಂಬಿಕೊಡುವುದಾಗಿ ಹೇಳಿ ಹಣ ಸಂಗ್ರಹಿಸುವ ಕಂಪನಿಗಳೂ ವಾಣಿಜ್ಯ ಜಗತ್ತಿನಲ್ಲಿವೆ. ಅಮೆರಿಕದಲ್ಲಿ ಇವುಗಳನ್ನು ಖಾಲಿ ಚೆಕ್ ಕಂಪನಿ ಅಥವಾ ಸ್ಪ್ಯಾಕ್ ಎಂದು ಕರೆಯುತ್ತಾರೆ. 2021ರ ಒಂದೇ ವರ್ಷದಲ್ಲಿ ಅಲ್ಲಿ ಇಂತಹ 600ಕ್ಕೂ ಹೆಚ್ಚು ಕಂಪನಿಗಳು ಸಾರ್ವಜನಿಕರಿಂದ ಬಂಡವಾಳ ಎತ್ತಿದವು.

ಭಾರತದ ಸಾಮಾನ್ಯ ಕಂಪನಿ ಕಾನೂನು ಇದಕ್ಕೆ ಅನುಕೂಲವಾಗಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ವ್ಯವಹಾರ ಆರಂಭಿಸದ ಕಂಪನಿಯ ಹೆಸರನ್ನು ದಾಖಲೆಯಿಂದ ತೆಗೆದುಹಾಕಲು 2013ರ ಕಂಪನಿಗಳ ಕಾಯಿದೆಯ 248ನೇ ಕಲಮು ರಿಜಿಸ್ಟ್ರಾರರಿಗೆ ಅಧಿಕಾರ ನೀಡಿದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಮಾತ್ರ 2021ರ ನಿಯಮಾವಳಿಯ ಮೂಲಕ ಇದಕ್ಕೆ ಅವಕಾಶ ಕಲ್ಪಿಸಲಾಯಿತು. ಹೀಗಿದ್ದರೂ ನಮ್ಮ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಈ ವಿಷಯವನ್ನು ಅರಿತಿರಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಿ ಷೇರು ಕೊಳ್ಳಬಹುದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇಂತಹ ಕಂಪನಿಗಳು ಉದ್ಯಮವೊಂದನ್ನು ಕೊಳ್ಳುವಾಗ ಬಹುಪಾಲು ಬೆಲೆಯನ್ನು ನಗದಾಗಿ ಕೊಡದೆ ತಮ್ಮದೇ ಷೇರುಗಳ ರೂಪದಲ್ಲಿ ಕೊಡುತ್ತವೆ. ಕಾರ್ಖಾನೆಯನ್ನು ಬಿಟ್ಟುಕೊಟ್ಟು ಷೇರುಪತ್ರ ಪಡೆಯುವವನು ಆ ಷೇರಿನ ಹಿಂದೆ ಏನಿದೆಯೆಂದು ಲೆಕ್ಕ ಹಾಕಲೇಬೇಕು.

ಇದರ ರಚನೆ ಸರಳ. ಸಾರ್ವಜನಿಕರಿಗೆ ಸಾಮಾನ್ಯವಾಗಿ 10 ಡಾಲರ್‌ಗೆ ಒಂದು ಷೇರು, ಅದರೊಡನೆ ವಾರಂಟ್‌ನ ಒಂದು ಭಾಗ ದೊರೆಯುತ್ತದೆ. ಬಂದ ಹಣ ಟ್ರಸ್ಟ್ ಖಾತೆಯಲ್ಲಿ, ಹೆಚ್ಚಾಗಿ ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಲ್ಲಿ ಇರುತ್ತದೆ. ಪ್ರವರ್ತಕರು ಸುಮಾರು 25,000 ಡಾಲರ್ ಮಾತ್ರ ತೆತ್ತು ಒಟ್ಟು ಷೇರುಗಳ ಐದನೆಯ ಒಂದು ಭಾಗದಷ್ಟನ್ನು ಪಡೆಯುವುದು ವಾಡಿಕೆ. ಗೊತ್ತುಪಡಿಸಿದ ಅವಧಿಯೊಳಗೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ, ಕಂಪನಿಯೊಂದನ್ನು ವಿಲೀನ ಮಾಡಿಕೊಳ್ಳದಿದ್ದರೆ ಟ್ರಸ್ಟ್‌ನ ಹಣ ಸಾರ್ವಜನಿಕ ಷೇರುದಾರರಿಗೆ ಹಿಂದಿರುಗಬೇಕು. ವಿಲೀನ ಒಪ್ಪಿಗೆಯಾಗದವನು ಷೇರು ಒಪ್ಪಿಸಿ ತನ್ನ ಪಾಲಿನ ಹಣ ಹಿಂಪಡೆಯಬಹುದು.

ಅಢಾವೆ ಪತ್ರಿಕೆಯನ್ನು ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಟ್ರಸ್ಟ್‌ನ ದೊಡ್ಡ ಮೊತ್ತ. ಅನನುಭವಿ ಓದುಗ ಅದನ್ನೇ ಕಂಪನಿಯ ಶಕ್ತಿಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅದು ಕೇಳಿದೊಡನೆ ಹಿಂದಿರುಗಿಸಬೇಕಾದ ಠೇವಣಿಯಂತಿದೆ. ಆದುದರಿಂದಲೇ ಲೆಕ್ಕಪರಿಶೋಧಕರು ಹಿಂಪಡೆಯಬಹುದಾದ ಷೇರುಗಳನ್ನು ಶಾಶ್ವತ ಬಂಡವಾಳದಲ್ಲಿ ಸೇರಿಸದೆ ಪ್ರತ್ಯೇಕವಾಗಿ ತೋರಿಸುತ್ತಾರೆ.

ರೂಪಾಯಿಯಲ್ಲಿ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಕೋಟಿ ಸಾರ್ವಜನಿಕ ಷೇರುಗಳನ್ನು ತಲಾ 100 ರೂಪಾಯಿಯಂತೆ ಮಾರಿ 100 ಕೋಟಿ ರೂಪಾಯಿಯನ್ನು ಟ್ರಸ್ಟ್‌ನಲ್ಲಿಟ್ಟಿದೆ. ಪ್ರವರ್ತಕರ ಷೇರುಗಳು 25 ಲಕ್ಷ. ವಿಲೀನದ ದಿನ ಕೊಡಬೇಕಾದ ವಿತರಣಾ ಕಮಿಷನ್, ವಕೀಲರ ಶುಲ್ಕ ಮುಂತಾದವು 5 ಕೋಟಿ. ಯಾರೂ ಹಣ ಹಿಂಪಡೆಯದಿದ್ದರೆ ಉಳಿಯುವ 95 ಕೋಟಿಯನ್ನು 1.25 ಕೋಟಿ ಷೇರುಗಳಿಗೆ ಹಂಚಿದಾಗ ಷೇರೊಂದರ ಹಿಂದೆ 76 ರೂಪಾಯಿ ಇದೆ. ಅರ್ಧದಷ್ಟು ಸಾರ್ವಜನಿಕರು ಹಿಂಪಡೆದರೆ 45 ಕೋಟಿಗೆ 75 ಲಕ್ಷ ಷೇರು, ಅಂದರೆ 60 ರೂಪಾಯಿ. ಶೇಕಡಾ 90ರಷ್ಟು ಜನ ಹಿಂಪಡೆದರೆ ಖರ್ಚು ಕಳೆದು ಉಳಿಯುವುದು 5 ಕೋಟಿ, ಷೇರುಗಳು 35 ಲಕ್ಷ. ಷೇರೊಂದಕ್ಕೆ ಸಿಗುವುದು 14 ರೂಪಾಯಿ 29 ಪೈಸೆ. ಹೊರಟವರಿಗೆ ಪೂರ್ತಿ 100 ರೂಪಾಯಿ ಸಿಕ್ಕಿತು. ಪ್ರವರ್ತಕರ ಪಾಲು ಮತ್ತು ಖರ್ಚಿನ ಹೊರೆ ಉಳಿದವರ ಮೇಲೆ ಬಿತ್ತು. ವಾರಂಟ್‌ಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿದೇ ಇಲ್ಲ.

ಇದು ಕಾಗದದ ಮೇಲಿನ ಭಯವಲ್ಲವೆಂಬುದಕ್ಕೆ ಬೆಂಗಳೂರಿನ ನಿದರ್ಶನವೇ ಇದೆ. ಕಾರು ಬಾಡಿಗೆಯ ಝೂಮ್‌ಕಾರ್ ಸಂಸ್ಥೆಯನ್ನು ವಿಲೀನ ಮಾಡಿಕೊಂಡ ಇನ್ನೋವೇಟಿವ್ ಇಂಟರ್‌ನ್ಯಾಷನಲ್ ಅಕ್ವಿಸಿಷನ್ ಕಾರ್ಪ್ ಎಂಬ ಖಾಲಿ ಚೆಕ್ ಕಂಪನಿ 2021ರ ಅಕ್ಟೋಬರ್‌ನಲ್ಲಿ 23 ಕೋಟಿ ಡಾಲರ್ ಎತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ವಿಲೀನದ ಒಪ್ಪಂದವಾಯಿತು. ಅವಧಿ ವಿಸ್ತರಣೆಗಾಗಿ 2023ರ ಜನವರಿಯಲ್ಲಿ ಕರೆದ ಸಭೆಯ ಸಂದರ್ಭದಲ್ಲಿಯೇ ಸಾರ್ವಜನಿಕ ಷೇರುಗಳಲ್ಲಿ ಶೇಕಡಾ 85ಕ್ಕೂ ಹೆಚ್ಚಿನವುಗಳ ಹಣ ಹಿಂದಕ್ಕೆ ಹೋಯಿತು. 2023ರ ಡಿಸೆಂಬರ್ ಕೊನೆಯಲ್ಲಿ ವಿಲೀನ ಮುಗಿದು ಷೇರು ನಾಸ್ಡಾಕ್ ಪ್ರವೇಶಿಸಿತು. ಬೆಲೆ ತೀವ್ರವಾಗಿ ಕುಸಿದು, 2024ರ ಅಕ್ಟೋಬರ್‌ನಲ್ಲಿ 100 ಷೇರುಗಳನ್ನು ಒಂದಾಗಿ ಕೂಡಿಸಬೇಕಾಯಿತು. ವ್ಯವಹಾರದ ನಷ್ಟವೂ ಇದಕ್ಕೆ ಕಾರಣವೆಂಬುದು ನಿಜ. ಆದರೆ ಆ ನಷ್ಟವನ್ನು ತಾಳಿಕೊಳ್ಳಲು ಬೇಕಿದ್ದ ಹಣ ಟ್ರಸ್ಟ್‌ನಿಂದ ಮೊದಲೇ ಹೊರಟುಹೋಗಿತ್ತು.

ಲಾಭ-ನಷ್ಟದ ತಖ್ತೆಯನ್ನಂತೂ ಬಹಳ ಎಚ್ಚರದಿಂದ ಓದತಕ್ಕದ್ದು. ವ್ಯವಹಾರವೇ ಇಲ್ಲದ ಕಂಪನಿ ಟ್ರಸ್ಟ್‌ನ ಬಡ್ಡಿಯಿಂದಲೇ ಲಾಭ ತೋರಿಸಬಲ್ಲದು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ ಅಧಿಕಾರಿಗಳು ವಾರಂಟ್‌ಗಳ ಲೆಕ್ಕದ ಬಗ್ಗೆ ಹೇಳಿಕೆ ನೀಡಿದ ಮೇಲೆ ಅನೇಕ ಕಂಪನಿಗಳು ಅವುಗಳನ್ನು ಬಂಡವಾಳದಿಂದ ಜವಾಬ್ದಾರಿಯ ಕಡೆಗೆ ಸಾಗಿಸಿ ಹಳೆಯ ಲೆಕ್ಕಗಳನ್ನು ತಿದ್ದಿದವು. ಇದರ ಪರಿಣಾಮ ವಿಚಿತ್ರ: ಷೇರಿನ ಬೆಲೆ ಕುಸಿದರೆ ವಾರಂಟ್‌ನ ಜವಾಬ್ದಾರಿ ಇಳಿದು, ಪುಸ್ತಕದಲ್ಲಿ ಅದು ಲಾಭವಾಗಿ ಕಾಣಿಸುತ್ತದೆ. ಇವೆರಡನ್ನೂ ಬದಿಗಿಟ್ಟು, ಟ್ರಸ್ಟ್‌ನ ಹೊರಗಿರುವ ನಗದು ಎಷ್ಟು, ದಿನನಿತ್ಯದ ಖರ್ಚು ಎಷ್ಟು, ಪ್ರವರ್ತಕರು ಕೊಟ್ಟ ಕೈಸಾಲ ಎಷ್ಟು ಎಂಬುದನ್ನು ನೋಡಬೇಕು. ಕಂಪನಿ ಮುಂದುವರಿಯುವ ಬಗ್ಗೆ ಲೆಕ್ಕಪರಿಶೋಧಕರು ಸಂದೇಹ ವ್ಯಕ್ತಪಡಿಸಿರುವ ಸಾಲುಗಳು ಇಂತಹ ವರದಿಗಳಲ್ಲಿ ಅಪರೂಪವಲ್ಲ. ಅವಧಿ ಮುಗಿಯುವ ದಿನಾಂಕದ ಜೊತೆಗಿಟ್ಟು ಓದಿದರೆ ಅವುಗಳ ತೂಕ ತಿಳಿಯುತ್ತದೆ. ಅವಧಿ ಮುಗಿದರೆ ಪ್ರವರ್ತಕರ ಪಾಲು ಶೂನ್ಯ. ಹೀಗಾಗಿ ಕೊನೆಯ ತಿಂಗಳುಗಳಲ್ಲಿ ಅವರಿಗೆ ಒಳ್ಳೆಯ ಉದ್ಯಮಕ್ಕಿಂತ ಯಾವುದಾದರೊಂದು ಉದ್ಯಮ ಬೇಕಾಗಿರುತ್ತದೆ.

ತನ್ನ ಉದ್ಯಮವನ್ನು ಇಂತಹ ಕಂಪನಿಗೆ ಒಪ್ಪಿಸಲು ಹೊರಟವನು ಒಪ್ಪಂದದಲ್ಲಿ ಕನಿಷ್ಠ ನಗದಿನ ಷರತ್ತು ಇದೆಯೇ ಎಂದು ಪರಿಶೀಲಿಸಬೇಕು. ಹಿಂಪಡೆತದ ನಂತರ ಇಂತಿಷ್ಟು ಹಣ ಉಳಿಯದಿದ್ದರೆ ವಿಲೀನದಿಂದ ಹಿಂದೆ ಸರಿಯುವ ಹಕ್ಕನ್ನು ಆ ಷರತ್ತು ನೀಡುತ್ತದೆ. ಅದನ್ನು ಬಿಟ್ಟುಕೊಡುವಂತೆ ಮುಕ್ತಾಯದ ಮುನ್ನಾದಿನಗಳಲ್ಲಿ ಒತ್ತಡ ಬರುವುದುಂಟು. ಪಡೆಯುವ ಷೇರುಗಳನ್ನು ಎಷ್ಟು ತಿಂಗಳು ಮಾರುವಂತಿಲ್ಲವೆಂಬುದನ್ನೂ, ಪ್ರವರ್ತಕರಿಗೂ ಅದೇ ನಿರ್ಬಂಧವಿದೆಯೇ ಎಂಬುದನ್ನೂ ಸಹಿ ಹಾಕುವ ಮೊದಲೇ ಲಿಖಿತವಾಗಿ ಪಡೆಯತಕ್ಕದ್ದು.