ಪಿಟ್ಯುಟರಿ ಗಡ್ಡೆ: ಯಾವ ಸ್ಕ್ಯಾನ್, ಏಕೆ?

ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಮಿದುಳಿನ ಬುಡದಲ್ಲಿ, ಮೂಗಿನ ಹಿಂದಿನ ಮೂಳೆಯ ಗುಳಿಯಲ್ಲಿರುತ್ತದೆ. ಇಲ್ಲಿ ಬೆಳೆಯುವ ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಅಲ್ಲ, ಗಾಬರಿಯಾಗಬೇಡಿ.

“ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದಿದೆ, ಮತ್ತೆ ಎಂ.ಆರ್.ಐ. ಏಕೆ?” ಎಂದು ನೀವು ಕೇಳಬಹುದು. 10 ಮಿಲಿಮೀಟರ್‌ಗಿಂತ ಚಿಕ್ಕ ಗಡ್ಡೆ ಸಿ.ಟಿ.ಯಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಎಂ.ಆರ್.ಐ. ಮೊದಲ ಆಯ್ಕೆ. ಗಡ್ಡೆಯು ಕಣ್ಣಿನ ನರವನ್ನು ಒತ್ತುತ್ತಿದೆಯೇ ಎಂಬುದೂ ಇದರಲ್ಲಿ ತಿಳಿಯುತ್ತದೆ. ಇದಕ್ಕೆ ಎಕ್ಸ್-ರೇ ಕಿರಣ ಬಳಸುವುದಿಲ್ಲ.

ಎಂ.ಆರ್.ಐ. ಮಾಡಲಾಗದವರಿಗೆ, ತುರ್ತು ಸಂದರ್ಭದಲ್ಲಿ ಹಾಗೂ ಮೂಳೆಯ ಸ್ಥಿತಿ ನೋಡಲು ಸಿ.ಟಿ. ಉಪಯುಕ್ತ.

ಸ್ಕ್ಯಾನ್‌ಗೆ ಮೊದಲೇ ತಿಳಿಸಿ:
• ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ
• ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ
• ಗರ್ಭಿಣಿಯಾಗಿದ್ದರೆ

ಹಠಾತ್ತನೆ ತೀವ್ರ ತಲೆನೋವು, ವಾಂತಿ ಬಂದರೆ, ದೃಷ್ಟಿ ಮಂದವಾದರೆ ಸ್ಕ್ಯಾನ್ ದಿನಕ್ಕಾಗಿ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಬನ್ನಿ.