ವಿಶೇಷ ಅಗತ್ಯವುಳ್ಳ ಮಕ್ಕಳ ದಂತಾರೋಗ್ಯ

ಪೀಠಿಕೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದವರಿಲ್ಲ. ಅನುಕೂಲವೂ ಅದನ್ನು ಅನುಭವಿಸುವ ಶಕ್ತಿಯೂ ಏಕಕಾಲದಲ್ಲಿ ಒದಗುವುದು ಅಪರೂಪವೆಂಬುದು ಅದರ ತಾತ್ಪರ್ಯ. ಆದರೆ ಹಲ್ಲೂ ಇದ್ದು ಕಡಲೆಯೂ ಇದ್ದು ಅದನ್ನು ಅಗಿಯಲಾರದೆ ಕಣ್ಣೀರಿಡುವ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಕೆಲವರಿಗೆ ‘ನನಗೆ ಹಲ್ಲುನೋವು’ ಎಂದು ಹೇಳುವ ಮಾತೂ ಇಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವವರು, ಮಿದುಳಿನ ಪಾರ್ಶ್ವವಾಯುವಿಗೆ ತುತ್ತಾದವರು, ಆಟಿಸಂ ಇರುವವರು, ಅಪಸ್ಮಾರದಿಂದ ಬಳಲುವವರು, ದೃಷ್ಟಿ ಅಥವಾ ಶ್ರವಣದ ನ್ಯೂನತೆಯುಳ್ಳವರು, ಇಂಥವರನ್ನೆಲ್ಲ ಇಂದು ವಿಶೇಷ ಅಗತ್ಯವುಳ್ಳ ಮಕ್ಕಳೆಂದು ಕರೆಯುವುದು ವಾಡಿಕೆ. ಈ ಮಕ್ಕಳ ಬಾಯಿಯ ಆರೋಗ್ಯವನ್ನು ಕುರಿತು ಪೋಷಕರೂ ಮೇಲ್ತರಗತಿಗಳ ವಿದ್ಯಾರ್ಥಿಗಳೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಹಲ್ಲು ಕೆಡುವ ಬಗೆ

ಮನುಷ್ಯನಿಗೆ ಇಪ್ಪತ್ತು ಹಾಲುಹಲ್ಲುಗಳೂ ಮೂವತ್ತೆರಡು ಶಾಶ್ವತ ಹಲ್ಲುಗಳೂ ಇರುತ್ತವೆ. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಮೊದಲ ಹಾಲುಹಲ್ಲು ಮೂಡುತ್ತದೆ. ಆರನೆಯ ವರ್ಷದ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಏಳುತ್ತದೆ. ಯಾವ ಹಲ್ಲೂ ಬಿದ್ದು ಅದರ ಸ್ಥಾನದಲ್ಲಿ ಇದು ಬರುವುದಿಲ್ಲವಾದ್ದರಿಂದ ಅನೇಕ ತಂದೆತಾಯಿಗಳು ಇದನ್ನೂ ಹಾಲುಹಲ್ಲೆಂದೇ ಭಾವಿಸಿ, ಕೆಟ್ಟರೂ ಮತ್ತೆ ಹುಟ್ಟೀತೆಂದು ಉದಾಸೀನರಾಗಿರುತ್ತಾರೆ. ಅದು ಮತ್ತೆ ಹುಟ್ಟುವುದಿಲ್ಲ.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಅದು ಆಮ್ಲಕ್ಕೆ ಸೋಲುತ್ತದೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಬೆಲ್ಲ, ಬಿಸ್ಕತ್ತುಗಳ ಅಂಶವನ್ನು ತಿಂದು ಆಮ್ಲವನ್ನು ಉತ್ಪತ್ತಿಮಾಡುತ್ತವೆ. ಬಾಯಿಯ ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಲಾಲಾರಸವು ಈ ಆಮ್ಲವನ್ನು ಮೆಲ್ಲಮೆಲ್ಲನೆ ತಗ್ಗಿಸಿ, ಕರಗಿದ ಲವಣಗಳಲ್ಲಿ ಕೆಲಭಾಗವನ್ನು ಹಲ್ಲಿಗೆ ಹಿಂದಿರುಗಿಸುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದೆವೆಂಬುದಕ್ಕಿಂತಲೂ ದಿನಕ್ಕೆ ಎಷ್ಟು ಸಲ ತಿಂದೆವು, ಅದು ಬಾಯಲ್ಲಿ ಎಷ್ಟು ಹೊತ್ತು ಅಂಟಿಕೊಂಡಿತ್ತು ಎಂಬುದೇ ಮುಖ್ಯ. ನಿದ್ರೆಯಲ್ಲಿ ಲಾಲಾರಸದ ಸ್ರಾವ ತಗ್ಗುತ್ತದೆಯಾಗಿ ರಾತ್ರಿ ಹಲ್ಲುಜ್ಜದೆ ಮಲಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಈ ಮಕ್ಕಳಿಗೆ ಅಪಾಯ ಹೆಚ್ಚೇಕೆ?

ರೋಗದ ಕ್ರಮ ಎಲ್ಲ ಮಕ್ಕಳಲ್ಲಿಯೂ ಒಂದೇ. ಆದರೆ ವಿಶೇಷ ಅಗತ್ಯವುಳ್ಳ ಮಕ್ಕಳಲ್ಲಿ ಅದಕ್ಕೆ ಒತ್ತಾಸೆಯಾಗಿ ನಿಲ್ಲುವ ಕಾರಣಗಳು ಬೇರೆ ಬೇರೆ. ಇವುಗಳನ್ನು ಪ್ರತ್ಯೇಕವಾಗಿ ಅರಿತರೆ ಮಾತ್ರ ತಕ್ಕ ಉಪಾಯ ಹೊಳೆಯುತ್ತದೆ.

ಮಿದುಳಿನ ಪಾರ್ಶ್ವವಾಯುವುಳ್ಳ ಮಗುವಿನ ತುಟಿ, ನಾಲಗೆ, ಗಂಟಲುಗಳ ಸ್ನಾಯುಗಳು ಮಾತು ಕೇಳುವುದಿಲ್ಲ. ಅನ್ನದ ಅಗುಳು ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಇಂಥ ಮಗುವಿಗೆ ಸದಾ ಜೊಲ್ಲು ಸುರಿಯುವುದನ್ನು ಕಂಡು ಅದಕ್ಕೆ ಜೊಲ್ಲು ಹೆಚ್ಚೆಂದು ಜನ ತಿಳಿಯುತ್ತಾರೆ. ನಿಜವಾಗಿ ಬಹುಪಾಲು ಮಕ್ಕಳಲ್ಲಿ ಜೊಲ್ಲು ಎಲ್ಲರಷ್ಟೇ ಇದ್ದು, ಅದನ್ನು ನುಂಗುವ ಕ್ರಿಯೆಯೇ ಕುಂದಿರುತ್ತದೆ. ಹಲ್ಲು ಕಡಿಯುವ ಅಭ್ಯಾಸದಿಂದ ಹಲ್ಲುಗಳು ಸವೆಯುವುದೂ ಉಂಟು. ಬಾಯಿಯ ಕೊಳೆ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯ ತಗಲುವ ಭಯವಿರುವುದರಿಂದ ಇವರಲ್ಲಿ ಬಾಯಿಯ ಶುಚಿತ್ವವು ಶ್ವಾಸಕೋಶದ ರಕ್ಷಣೆಯೂ ಆಗಿದೆ.

ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯನ್ನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ವರ್ಣಿಸಿದನು. ಇಪ್ಪತ್ತೊಂದನೆಯ ವರ್ಣತಂತು ಎರಡಕ್ಕೆ ಬದಲು ಮೂರಿರುವುದೇ ಇದರ ಕಾರಣವೆಂದು 1959ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಈ ಮಕ್ಕಳಿಗೆ ಹಲ್ಲು ಮೂಡುವುದು ತಡ. ಕೆಲವು ಹಲ್ಲುಗಳು ಹುಟ್ಟದೆಯೂ ಇರಬಹುದು. ಇವರಲ್ಲಿ ಹುಳುಕಿಗಿಂತ ಒಸಡಿನ ರೋಗದ ಕಾಟ ಹೆಚ್ಚು. ಅದು ಎಳೆಯ ವಯಸ್ಸಿನಲ್ಲೇ ಹಲ್ಲುಗಳನ್ನು ಅಲುಗಾಡಿಸಬಲ್ಲದು. ಇವರಲ್ಲಿ ಸರಿಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವುದರಿಂದ, ಹಲ್ಲು ಕೀಳಿಸುವ ಮುನ್ನ ಆ ವಿಷಯವನ್ನು ದಂತವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಎಂಬ ಔಷಧದಿಂದ ಕೆಲವರ ಒಸಡು ಊದಿ ಹಲ್ಲನ್ನೇ ಮುಚ್ಚುವಷ್ಟು ಬೆಳೆಯುತ್ತದೆ. ಇದಕ್ಕೆ ಹೆದರಿ ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಬಾಯಿಯನ್ನು ಚೊಕ್ಕಟವಾಗಿಟ್ಟರೆ ಈ ಬೆಳವಣಿಗೆ ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ. ಔಷಧ ಬದಲಿಸುವ ಮಾತು ವೈದ್ಯರಿಗೆ ಸೇರಿದ್ದು. ಮಕ್ಕಳ ಅನೇಕ ಔಷಧಗಳು ಸಕ್ಕರೆಯ ಪಾಕದಲ್ಲಿ ಬರುತ್ತವೆಯೆಂಬುದನ್ನೂ ಮರೆಯಬಾರದು. ಪಾಕ ಕುಡಿಸಿದ ಮೇಲೆ ಎರಡು ಗುಟುಕು ನೀರು ಕುಡಿಸುವುದು ಯುಕ್ತ.

ಆಟಿಸಂ ಇರುವ ಮಗುವಿಗೆ ಪೇಸ್ಟಿನ ಖಾರ, ಬ್ರಷ್ಷಿನ ಸ್ಪರ್ಶ, ಯಂತ್ರದ ಸದ್ದು ಇವು ಸಹಿಸಲಾಗದ ಹಿಂಸೆಯಾಗಿ ತೋರಬಹುದು. ಕುರುಡ ಮಗುವಿಗೆ ಒಸಡಿನಿಂದ ರಕ್ತ ಬರುವುದು ಕಾಣದು. ಕಿವುಡ ಮಗು ತುಟಿಯ ಚಲನೆಯಿಂದ ಮಾತನ್ನು ಗ್ರಹಿಸುತ್ತದೆ. ವೈದ್ಯರು ಮುಖಕ್ಕೆ ಬಟ್ಟೆ ಕಟ್ಟಿಕೊಂಡೊಡನೆ ಅದಕ್ಕೆ ಲೋಕವೇ ಮೌನವಾಗುತ್ತದೆ. ಆದ್ದರಿಂದ ಹೇಳಬೇಕಾದುದನ್ನು ಬಟ್ಟೆ ಕಟ್ಟುವ ಮುನ್ನವೇ ಹೇಳಬೇಕು.

ಹಲ್ಲೂ ಬಾಳಿನ ನೆಮ್ಮದಿಯೂ

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ; ದೇಹ, ಮನಸ್ಸು, ಸಾಮಾಜಿಕ ಜೀವನ ಈ ಮೂರರ ಪೂರ್ಣ ಸೌಖ್ಯವೆಂದು 1948ರಲ್ಲಿ ಸ್ಥಾಪಿತವಾದ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಂವಿಧಾನದಲ್ಲಿ ಹೇಳಿದೆ. ಈ ದೃಷ್ಟಿಯಿಂದ ನೋಡಿದರೆ ಎಷ್ಟು ಹಲ್ಲು ಹುಳುಕಾಗಿವೆಯೆಂದು ಎಣಿಸಿದ ಮಾತ್ರಕ್ಕೆ ಮಗುವಿನ ಸ್ಥಿತಿ ತಿಳಿಯದು. ಮಗು ಹೊಟ್ಟೆತುಂಬ ಉಣ್ಣುತ್ತಿದೆಯೇ? ರಾತ್ರಿ ನಿದ್ರಿಸುತ್ತಿದೆಯೇ? ಮಾತು ಸ್ಪಷ್ಟವಾಗಿದೆಯೇ? ನಾಲ್ವರೆದುರು ನಗುತ್ತದೆಯೇ? ಶಾಲೆಗೆ ಬರುತ್ತಿದೆಯೇ? ಮನೆಯವರ ನಿದ್ರೆಯೂ ಕೂಲಿಯೂ ಉಳಿದಿವೆಯೇ? ಈ ಪ್ರಶ್ನೆಗಳನ್ನು ಕೇಳಬೇಕು. ಬಾಳಿನ ಗುಣಮಟ್ಟವೆಂದು ವಿದ್ವಾಂಸರು ಕರೆಯುವುದು ಇದನ್ನೇ.

ಒಂದು ನಿದರ್ಶನ ಸಾಕು. ನಮಗೆ ಪರಿಚಿತವಾದ ಒಂದು ಕೂಲಿಕಾರ ಕುಟುಂಬದಲ್ಲಿ ಮಾತು ಬಾರದ ಒಂಬತ್ತು ವರ್ಷದ ಬಾಲಕನಿದ್ದನು. ಕೆಲವು ವಾರಗಳಿಂದ ಅವನು ಜೋಳದ ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಸಂಜೆಯಾದೊಡನೆ ಎಡಗೆನ್ನೆಯನ್ನು ಅಂಗೈಯಿಂದ ಬಡಿದುಕೊಳ್ಳುತ್ತಿದ್ದನು. ಹತ್ತಿರ ಹೋದ ತಂಗಿಯನ್ನು ಕಚ್ಚುತ್ತಿದ್ದನು. ಹಟವೆಂದು ಕೆಲವರು ಗದರಿಸಿದರು. ದೃಷ್ಟಿಯಾಗಿದೆಯೆಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು. ತಂದೆಯು ಒಂದು ದಿನದ ಕೂಲಿಯನ್ನು ಬಿಟ್ಟು ಅವನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದಾಗ, ಇಂಥ ಮಗುವನ್ನು ತಮ್ಮಲ್ಲಿ ನೋಡುವುದಿಲ್ಲವೆಂದು ಅಲ್ಲಿಂದ ಹಿಂದಿರುಗಿಸಿದರು. ಎರಡನೆಯ ಕಡೆಯಲ್ಲಿ ತಾಳ್ಮೆಯುಳ್ಳ ವೈದ್ಯೆಯೊಬ್ಬರು ಬಾಯಿ ತೆರೆಸಿ ನೋಡಿದರು. ಎಡಭಾಗದ ದವಡೆಹಲ್ಲೊಂದು ಬುಡದವರೆಗೆ ಕೊಳೆತು ಕೀವುಗಟ್ಟಿತ್ತು. ಅದನ್ನು ತೆಗೆದ ಮೂರನೆಯ ದಿನ ಬಾಲಕನು ರೊಟ್ಟಿ ಕೇಳಿದನು. ಅವನು ಹಟಮಾರಿಯಾಗಿರಲಿಲ್ಲ. ಕೆನ್ನೆ ಬಡಿದುಕೊಳ್ಳುವುದೇ ಅವನ ಮಾತಾಗಿತ್ತು.

ಆದ್ದರಿಂದ ಮಾತಾಡಲಾರದ ಮಗು ಇದ್ದಕ್ಕಿದ್ದಂತೆ ಊಟವನ್ನು ತಿರಸ್ಕರಿಸಿದರೆ, ಒಂದೇ ಮಗ್ಗುಲಲ್ಲಿ ಅಗಿದರೆ, ಕೈಯನ್ನೋ ಬಟ್ಟೆಯನ್ನೋ ಕಚ್ಚತೊಡಗಿದರೆ, ರಾತ್ರಿ ಎದ್ದು ಅತ್ತರೆ, ಮೊದಲು ಅದರ ಬಾಯನ್ನು ನೋಡಬೇಕು, ಗದರಿಕೆಗೆ ಅವಸರವಿಲ್ಲ.

ಮನೆಯಲ್ಲಿ ಮಾಡತಕ್ಕ ಉಪಾಯಗಳು

ಯಾವ ಮಗುವೇ ಆಗಲಿ, ಏಳೆಂಟು ವರ್ಷದವರೆಗೆ ತಾನಾಗಿ ಚೆನ್ನಾಗಿ ಹಲ್ಲುಜ್ಜಿಕೊಳ್ಳಲಾರದು. ವಿಶೇಷ ಅಗತ್ಯವುಳ್ಳ ಮಗುವಿಗೆ ದೊಡ್ಡವರ ಕೈ ಇನ್ನೂ ಹೆಚ್ಚು ಕಾಲ ಬೇಕು. ಬ್ರಷ್ ಹಿಡಿಯಲು ಬೆರಳುಗಳು ಮುಷ್ಟಿ ಕಟ್ಟದಿದ್ದರೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಬಹುದು. ರಬ್ಬರಿನ ಚೆಂಡಿಗೆ ತೂತುಮಾಡಿ ಬ್ರಷ್ಷನ್ನು ಸಿಕ್ಕಿಸಬಹುದು. ಸೈಕಲ್ ಹ್ಯಾಂಡಲಿನ ರಬ್ಬರು ಹಿಡಿಯೂ ಒದಗುತ್ತದೆ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ.

ಉಜ್ಜುವವರು ಮಗುವಿನ ಮುಂದೆ ನಿಲ್ಲದೆ ಹಿಂದೆ ನಿಂತು, ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡರೆ ಕೆಲಸ ಸುಲಭ. ಚಿಕ್ಕ ಮಗುವಾದರೆ ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತು, ಒಬ್ಬರ ತೊಡೆಯ ಮೇಲೆ ಮಗುವಿನ ತಲೆಯನ್ನಿರಿಸಿ ಮತ್ತೊಬ್ಬರು ಕೈಕಾಲು ಹಿಡಿಯಬಹುದು. ನುಂಗಲು ಕಷ್ಟಪಡುವ ಮಗುವನ್ನು ಅಂಗಾತ ಮಲಗಿಸಿ ಉಜ್ಜಬಾರದು. ಅದನ್ನು ನೆಟ್ಟಗೆ ಕೂರಿಸಿ, ನೊರೆ ಗಂಟಲಿಗೆ ಇಳಿಯದಂತೆ ನೋಡಿಕೊಂಡು, ಕೊನೆಗೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಬೇಕು.

ಫ್ಲೋರೈಡ್ ಇರುವ ಪೇಸ್ಟು ಎನಾಮಲನ್ನು ಬಲಪಡಿಸುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಸಾಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಯಚೂರು, ಕೋಲಾರ, ನಲ್ಲಗೊಂಡ ಮೊದಲಾದ ಜಿಲ್ಲೆಗಳ ಅನೇಕ ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದರಿಂದ ಅಲ್ಲಿ ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳು ಕಾಣುತ್ತವೆ. ಅದು ಕೊಳೆಯಲ್ಲ, ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ಕಲೆ ಹೋಗದೆ ಎನಾಮಲ್ ಮಾತ್ರ ಸವೆಯುತ್ತದೆ.

ಆಟಿಸಂ ಇರುವ ಮಗುವಿಗೆ ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಕ್ರಮ ಹಿತ. ನೀರು, ಬ್ರಷ್, ಉಜ್ಜುವುದು, ಉಗುಳುವುದು, ಇವುಗಳ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದರೆ ಮುಂದೇನಾಗುವುದೆಂಬ ಭಯ ತಗ್ಗುತ್ತದೆ. ಮೊದಲ ದಿನ ತುಟಿಗೆ ತಾಗಿಸಿದರೆ ಸಾಕು. ಎರಡನೆಯ ದಿನ ಮುಂದಿನ ಹಲ್ಲಿಗೆ. ಹೀಗೆ ಮೆಲ್ಲಮೆಲ್ಲನೆ ಮುಂದುವರಿಯಬೇಕು. ಒಳ್ಳೆಯ ನಡತೆಗೆ ಚಾಕಲೇಟಿನ ಬಹುಮಾನ ಕೊಡುವುದನ್ನು ಮಾತ್ರ ಬಿಡತಕ್ಕದ್ದು.

ವೈದ್ಯಕೀಯ ನೆರವು ಮತ್ತು ಹಕ್ಕು

ಮೊದಲು ಹೇಳುವುದು, ಅನಂತರ ತೋರಿಸುವುದು, ಆಮೇಲೆ ಮಾಡುವುದು ಎಂಬ ಕ್ರಮವನ್ನು ದಂತವೈದ್ಯರು ಮಕ್ಕಳಲ್ಲಿ ಬಹುಕಾಲದಿಂದ ಅನುಸರಿಸುತ್ತಿದ್ದಾರೆ. ಶಿಕ್ಷಕರಾದ ನಮಗೂ ಇದು ಪರಿಚಿತವಾದ ಪಾಠಕ್ರಮವೇ. ಕೊರೆಯುವ ಯಂತ್ರಕ್ಕೆ ಅಂಜುವ ಮಗುವಿನ ಹುಳುಕಿಗೆ ಬೆಳ್ಳಿಯ ಅಂಶವುಳ್ಳ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಅದನ್ನು ತಡೆಯಬಹುದು. ಹುಳುಕಿನ ಭಾಗ ಕಪ್ಪಾಗುವುದಾದರೂ ನೋವಿಲ್ಲ. ಹುಳುಕು ಹಲ್ಲಿನ ನರಕ್ಕೆ ಮುಟ್ಟಿದ ಮೇಲೆ ಇದು ಸಾಲದು. ಆದ್ದರಿಂದ ನೋವು ಬರುವವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ತೋರಿಸುವುದು ಜಾಣತನ.

ಕೂಕಟ್‌ಪಲ್ಲಿ, ಮೂಸಾಪೇಟೆ, ಬಾಲಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಭಾಷೆಯೂ ಒಂದು ತೊಡಕು. ಮಗುವಿನ ಸಂಕಟವನ್ನು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ವಿವರಿಸಲಾರದೆ ತಾಯಂದಿರು ಮೌನವಾಗಿ ಹಿಂದಿರುಗುವುದುಂಟು. ಮಗುವಿಗೆ ಮಾತಿಲ್ಲ, ತಾಯಿಗೆ ಆ ಊರಿನ ಮಾತಿಲ್ಲ. ಇಂಥಲ್ಲಿ ಜೊತೆಗೆ ಹೋಗಿ ಎರಡು ಮಾತಾಡುವ ಮೇಲ್ತರಗತಿಯ ವಿದ್ಯಾರ್ಥಿಯ ಉಪಕಾರ ಸಣ್ಣದಲ್ಲ.

ನಮ್ಮ ಸಮೀಪದಲ್ಲಿರುವ ಸೌಲಭ್ಯಗಳನ್ನೂ ಅರಿತಿರಬೇಕು. ಬಾಲಾನಗರದ ಹಾದಿಯಾಗಿ ಹೋದರೆ ಬೋಯಿನ್‌ಪಲ್ಲಿಯ ಮನೋವಿಕಾಸ ನಗರದಲ್ಲಿ, ಬೌದ್ಧಿಕ ನ್ಯೂನತೆಯುಳ್ಳವರಿಗಾಗಿ 1984ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆಯಿದೆ. ಮಗುವಿನ ಬೆಳವಣಿಗೆಯ ಪರೀಕ್ಷೆ, ವಿಶೇಷ ಶಿಕ್ಷಣ, ಪೋಷಕರಿಗೆ ಮಾರ್ಗದರ್ಶನ ಅಲ್ಲಿ ದೊರೆಯುತ್ತವೆ. ಹಲ್ಲಿನ ಚಿಕಿತ್ಸೆಗೆ ಅಫ್ಜಲ್‌ಗಂಜಿನಲ್ಲಿ ಸರಕಾರಿ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಡೌನ್ ಸಿಂಡ್ರೋಮ್, ಹಲ್ಲಿನ ತೊಂದರೆಗಳು ಇವೆಲ್ಲವೂ ಸೇರಿವೆ. ತಪಾಸಣೆಯ ತಂಡ ಶಾಲೆಗೆ ಬಂದ ದಿನ, ತೊಂದರೆಯಾದೀತೆಂದು ಇಂಥ ಮಗುವನ್ನು ಮನೆಯಲ್ಲಿರಿಸದೆ ಮೊದಲನೆಯದಾಗಿ ಮುಂದೆ ನಿಲ್ಲಿಸಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಅದರ ಇಪ್ಪತ್ತೈದನೆಯ ಪ್ರಕರಣವು ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶವನ್ನೂ, ಪರೀಕ್ಷೆ ಮತ್ತು ಚಿಕಿತ್ಸೆಗಳಲ್ಲಿ ಆದ್ಯತೆಯನ್ನೂ ವಿಧಿಸುತ್ತದೆ. ಆದ್ದರಿಂದ ಸಾಲಿನಲ್ಲಿ ಮುಂದಕ್ಕೆ ಬಿಡಿರೆಂದು ಕೇಳುವ ತಾಯಿ ಭಿಕ್ಷೆ ಬೇಡುತ್ತಿಲ್ಲ, ಹಕ್ಕನ್ನು ಕೇಳುತ್ತಿದ್ದಾಳೆ.

ಶಾಲೆಯ ಕರ್ತವ್ಯ

ಮಧ್ಯಾಹ್ನದ ಊಟವಾದ ಮೇಲೆ ಎಲ್ಲ ಮಕ್ಕಳೂ ಬಾಯಿ ಮುಕ್ಕಳಿಸುವ ನಿಯಮವಿದ್ದರೆ, ಸಹಾಯ ಬೇಕಾದ ಮಗು ತಾನೊಬ್ಬನೇ ಬೇರೆಯೆಂದು ಕುಗ್ಗುವುದಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯನು ಲೋಟ ಹಿಡಿದರೆ ಸಾಕು. ಜೊಲ್ಲು ಸುರಿಯುವವನನ್ನೂ ಬಾಯಿ ವಾಸನೆಯವನನ್ನೂ ಹಿಂದಿನ ಬೆಂಚಿಗೆ ತಳ್ಳುವ ಪದ್ಧತಿ ಯಾವ ತರಗತಿಯಲ್ಲಿಯೂ ಇರಕೂಡದು. ಆ ವಾಸನೆ ರೋಗದ ಸೂಚನೆ. ಅದು ಅವನ ಗುಣವಲ್ಲ. ಹುಟ್ಟುಹಬ್ಬಕ್ಕೆ ಹಂಚುವ ಅಂಟುಮಿಠಾಯಿಗೆ ಬದಲಾಗಿ ಬಾಳೆಹಣ್ಣನ್ನೋ ಹುರಿಗಡಲೆಯನ್ನೋ ಹಂಚಬಹುದು. ನುಂಗಲು ಕಷ್ಟಪಡುವ ಮಗುವಿಗೆ ಮಾತ್ರ ಕಡಲೆ ಕೊಡದೆ ಹಣ್ಣನ್ನು ಕಿವುಚಿ ಕೊಡಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥ ತಮ್ಮನೋ ತಂಗಿಯೋ ಇದ್ದರೆ ಇಂದು ರಾತ್ರಿ ಮಲಗುವ ಮುನ್ನ ಅವರ ಹಲ್ಲುಜ್ಜುವ ಕೆಲಸವನ್ನು ನೀವು ವಹಿಸಿಕೊಳ್ಳಿರಿ. ಅದಕ್ಕೆ ಎರಡು ನಿಮಿಷ ಸಾಕು. ಹಗಲೆಲ್ಲ ದುಡಿದು ದಣಿದ ತಾಯಿಗೆ ಅಷ್ಟು ಬಿಡುವು ಸಿಗುತ್ತದೆ. ಹೇಳಲಾರದ ಮಗುವಿಗೆ ಒಂದು ನೋವು ತಪ್ಪುತ್ತದೆ.